ಕಾರಿನ ಎಸಿಗೆ ಗಂಟೆಗೆ ಎಷ್ಟು ಪೆಟ್ರೋಲ್? ನಾನು ಅಳೆದು ನೋಡಿದ್ದು

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಕಾರು ಇಟ್ಟವರ ಹತ್ರ ಎಸಿ ಹಾಕಿದ್ರೆ ಮೈಲೇಜ್ ಎಷ್ಟು ಇಳೀತದೆ ಅಂತ ಕೇಳಿ ನೋಡಿ, ಒಬ್ರು ಒಂದು ಕಿಲೋಮೀಟರ್ ಕಮ್ಮಿ ಆಗ್ತದೆ ಅಷ್ಟೇ ಅಂತಾರೆ, ಇನ್ನೊಬ್ರು ನಾಲ್ಕೈದು ಹೋಗ್ತದೆ ಮಾರಾಯ್ರೇ, ನಾನು ಹಾಕುದೇ ಇಲ್ಲ ಅಂತಾರೆ. ಇಬ್ರೂ ಸುಳ್ಳು ಹೇಳ್ತಾ ಇಲ್ಲ. ಒಬ್ರು ಹೈವೇಲಿ ಹೋಗುವವರು, ಇನ್ನೊಬ್ರು ಪೇಟೆ ಒಳಗೇ ತಿರುಗುವವರು. ಎಸಿ ಪೆಟ್ರೋಲ್ ತಿನ್ನುದು ತೋಟದ ಪಂಪು ಕರೆಂಟ್ ತಿಂದ ಹಾಗೆ, ಎಷ್ಟು ಹೊತ್ತು ಓಡಿತು ಅನ್ನುದೇ ಲೆಕ್ಕ, ಎಷ್ಟು ದೂರ ಹೋದೆವು ಅನ್ನುದನ್ನ ಅದು ಕೇಳುದಿಲ್ಲ. ಇದು ನನಗೆ ಅಳೆಯಲಿಕ್ಕೆ ಕೂತ ಮೇಲೆ ಸ್ಪಷ್ಟ ಆದದ್ದು.

ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್, ಎಸಿಯೂ ನಾಬ್ ತಿರುಗಿಸುವ ಮ್ಯಾನುಯಲ್ ಎಸಿ. ಅಮ್ಮನನ್ನ ಮಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಇರ್ತದೆ, ಮತ್ತೆ ದಿನಾ ಪೇಟೆ ಓಡಾಟ. ಮೊದಲು ಎಲ್ಲರ ಹಾಗೆ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ನೋಡ್ತಾ ಇದ್ದೆ. ಕೇರಳದಲ್ಲಿ ಪೆಟ್ರೋಲಿಗೆ ರೇಟ್ ಜಾಸ್ತಿ, 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿತು, ಹಾಗಾಗಿ ಮಂಗಳೂರು ಕಡೆ ಹೋದಾಗೆಲ್ಲ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ತುಂಬಿಸಿಕೊಂಡು ಬರುದು ನಮ್ಮವರ ರೂಢಿ, ಅದರಿಂದ ನನಗೆ ಒಂದು ಉಪಕಾರ ಆಯ್ತು, ಯಾವಾಗಲೂ ಅದೇ ಪಂಪ್, ಅದೇ ಸೈಡ್, ನಾಝಲ್ ಆಟೋ ಕಟ್ ಆದಲ್ಲಿಗೆ ನಿಲ್ಲಿಸುದು, ಮೇಲಿಂದ ಒತ್ತಿ ತುಂಬಿಸ್ಲಿಕ್ಕಿಲ್ಲ. ಆದ್ರೂ ಈ ಲೆಕ್ಕದಲ್ಲಿ ಎಸಿ ಒಂದನ್ನೇ ಬೇರೆ ಮಾಡಿ ನೋಡುದು ಕಷ್ಟ. ಒಂದು ಟ್ಯಾಂಕಲ್ಲಿ ಪೇಟೆ ಓಡಾಟ ಜಾಸ್ತಿ, ಇನ್ನೊಂದರಲ್ಲಿ ಹೈವೇ ಜಾಸ್ತಿ, ಟಯರ್ ಗಾಳಿ ಒಂದೊಂದು ಸಲ ಕಮ್ಮಿ. ಪೆಟ್ರೋಲಿಗೆ ಎಥೆನಾಲ್ ಸೇರಿಸುದು ಜಾಸ್ತಿ ಆದ ಮೇಲೆ ಹಳೇ ಲೆಕ್ಕಕ್ಕೆ ಹೋಲಿಸುದೂ ಸರಿ ಬರುದಿಲ್ಲ, ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ.

ಅದಕ್ಕೆ ಒಬಿಡಿ ಅಡಾಪ್ಟರ್ ತರಿಸಿದೆ. ಸ್ಟೇರಿಂಗ್ ಅಡಿಯಲ್ಲಿ ಒಂದು ಸಾಕೆಟ್ ಇರ್ತದೆ, ಅದಕ್ಕೆ ಸಿಕ್ಕಿಸುದು, ಬ್ಲೂಟೂತಲ್ಲಿ ಫೋನಿಗೆ ಕನೆಕ್ಟ್ ಮಾಡುದು, ಆರ್‌ಪಿಎಂ, ಎಂಜಿನ್ ಲೋಡ್, ಗಂಟೆಗೆ ಎಷ್ಟು ಲೀಟರ್ ಉರೀತಾ ಉಂಟು ಎಲ್ಲ ಆಪಲ್ಲಿ ಕಾಣ್ತದೆ. ಗಂಟೆಗೆ ಇಷ್ಟು ಲೀಟರ್ ಅಂತ ಅದು ತೋರಿಸುದು ಗಾಳಿಯ ಸೆನ್ಸರ್ ನೋಡಿ ಮಾಡಿದ ಲೆಕ್ಕ, ನೂರಕ್ಕೆ ನೂರು ಸರಿ ಅಂತ ನಂಬ್ಲಿಕ್ಕಾಗುದಿಲ್ಲ, ಆದ್ರೆ ಎಸಿ ಹಾಕುವ ಮೊದಲು ಮತ್ತೆ ಹಾಕಿದ ಮೇಲೆ ಎಷ್ಟು ವ್ಯತ್ಯಾಸ ಅನ್ನುದಕ್ಕೆ ಧಾರಾಳ ಸಾಕು.

ಮನೆ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿ ಆದ ಮೇಲೆ ನೋಡಿದೆ. ಎಸಿ ಇಲ್ಲದೆ ಐಡಲಲ್ಲಿ ಗಂಟೆಗೆ 0.7 ಲೀಟರ್ ಆಸುಪಾಸು. ಬಟನ್ ಒತ್ತಿದ ಕೂಡ್ಲೆ ಬಾನೆಟ್ ಒಳಗಿಂದ ಟಕ್ ಅಂತ ಸದ್ದು, ಅದು ಕಂಪ್ರೆಸರಿನ ಮ್ಯಾಗ್ನೆಟಿಕ್ ಕ್ಲಚ್ ಹಿಡಿದದ್ದು, ಎಂಜಿನ್ ಬೆಲ್ಟಿಗೆ ಈಗ ಕಂಪ್ರೆಸರ್ ತಿರುಗಿಸುವ ಕೆಲಸವೂ ಸೇರಿತು, ಆರ್‌ಪಿಎಂ 750ರಿಂದ 900ಕ್ಕೆ ಏರಿ ರೀಡಿಂಗ್ 1.1 ಕಡೆ ಹೋಯ್ತು. ಒಳಗೆ ತಂಪಾದ ಮೇಲೆ ಪುನಃ ಟಕ್, ಕ್ಲಚ್ ಬಿಟ್ಟಿತು, ರೀಡಿಂಗ್ ಇಳೀತು, ಸ್ವಲ್ಪ ಹೊತ್ತಲ್ಲಿ ಪುನಃ ಹಿಡೀತು. ಬ್ಲೋವರ್ ಫ್ಯಾನ್ ತಿನ್ನುದು ಕರೆಂಟ್, ಅದರದ್ದು ಚಿಲ್ಲರೆ. ದೊಡ್ಡ ಖರ್ಚು ಕಂಪ್ರೆಸರಿನದ್ದೇ. ಒಟ್ಟು ನನ್ನ ಕಾರಿಗೆ ಗಂಟೆಗೆ 0.4ರಿಂದ 0.5 ಲೀಟರ್ ಎಸಿ ಬಾಬ್ತು ಅಂತ ಇಟ್ಟುಕೊಂಡೆ, ನಮ್ಮ ರೇಟಲ್ಲಿ ಗಂಟೆಗೆ ಐವತ್ತು ರೂಪಾಯಿ ಹತ್ತಿರ.

ಈಗ ಇದನ್ನ ರಸ್ತೆಗೆ ಹಾಕಿ ನೋಡಿ. ತಲಪಾಡಿಯಿಂದ ಚೆಂಗಳವರೆಗಿನ 39 ಕಿಲೋಮೀಟರ್ ಹೈವೇ ಆರು ಪಥ ಆದ ಮೇಲೆ ಅಲ್ಲಿ 75-80ರಲ್ಲಿ ಆರಾಮಲ್ಲಿ ಹೋಗ್ಬಹುದು. ಎಸಿ ಇಲ್ಲದೆ 20 ಕೊಡುವ ಕಾರು 75 ಕಿಲೋಮೀಟರಿಗೆ 3.75 ಲೀಟರ್ ಕುಡೀತದೆ, ಒಂದು ಗಂಟೆ ಎಸಿಗೆ 0.45 ಸೇರಿಸಿ, 18ರ ಹತ್ತಿರ ಬಂತು. ಅದೇ ಕಾರು ಉಪ್ಪಳದ ಸರ್ವಿಸ್ ರೋಡಲ್ಲೋ ಕಾಸರಗೋಡು ಪೇಟೆಯಲ್ಲೋ ಗಂಟೆಗೆ 25 ಕಿಲೋಮೀಟರ್ ಸಾಗುದು, ಎಸಿ ಇಲ್ಲದೆ 15 ಕೊಡ್ತದೆ ಅಂತಿಟ್ಟುಕೊಳ್ಳಿ, 25 ಕಿಲೋಮೀಟರಿಗೆ 1.67 ಲೀಟರ್, ಅದಕ್ಕೂ ಅದೇ 0.45 ಸೇರಿಸಿದ್ರೆ 12ಕ್ಕಿಂತ ಕೆಳಗೆ. ಎಸಿ ಅದೇ, ಕಾರು ಅದೇ, ಒಂದು ಕಡೆ ಹತ್ತು ಪರ್ಸೆಂಟ್, ಇನ್ನೊಂದು ಕಡೆ ಇಪ್ಪತ್ತಕ್ಕೂ ಮೇಲೆ. ಅಮೆರಿಕ ಸರಕಾರದ ಇಂಧನ ಮಾಹಿತಿಯಲ್ಲೂ ವಿಪರೀತ ಸೆಕೆಯಲ್ಲಿ, ಅದರಲ್ಲೂ ಸಣ್ಣ ಸಣ್ಣ ಓಡಾಟದಲ್ಲಿ, 25 ಪರ್ಸೆಂಟಿಗಿಂತ ಜಾಸ್ತಿ ಇಳೀಬಹುದು ಅಂತ ಉಂಟು. ಮತ್ತೆ ಶೋರೂಮಲ್ಲಿ ಹೇಳುವ ಎಆರ್‌ಎಐ (ವಾಹನ ಪರೀಕ್ಷೆ ಮಾಡುವ ಸಂಸ್ಥೆ) ಮೈಲೇಜ್ ಎಸಿ ಬಂದ್ ಇಟ್ಟು ಲ್ಯಾಬಲ್ಲಿ ಅಳೆದದ್ದು, ಅದನ್ನ ನಮ್ಮ ಏಪ್ರಿಲ್ ತಿಂಗಳಿಗೆ ಹೋಲಿಸಿ ಜಗಳಕ್ಕೆ ಹೋಗುದರಲ್ಲಿ ಅರ್ಥ ಇಲ್ಲ.

ಕಿಟಕಿ ತೆರೆದು ಹೋದ್ರೆ ಉಳೀತದೆ ಅನ್ನುವವರಿಗೆ: ಪೇಟೆ ಸ್ಪೀಡಲ್ಲಿ ಹೌದು, ಖಂಡಿತ ಉಳೀತದೆ. ಹೈವೇಲಿ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರ್ತದೆ, 40ರಿಂದ 80ಕ್ಕೆ ಹೋದ್ರೆ ನಾಲ್ಕು ಪಟ್ಟು, ನಾಲ್ಕೂ ಕಿಟಕಿ ಇಳಿಸಿದ್ರೆ ಅದು ಇನ್ನೂ ಹೆಚ್ಚು. ನಾನು ಆರು ಪಥದಲ್ಲಿ ಎರಡೂ ಮಾಡಿ ನೋಡಿದೆ, ಉಳಿತಾಯ ಅಂತ ಕಂಡದ್ದು ಅಷ್ಟಕ್ಕಷ್ಟೆ, ಬದಲಿಗೆ ಸಿಕ್ಕಿದ್ದು ಲಾರಿ ಹೊಗೆ, ಕೆಂಪು ಧೂಳು, ಹಿಂದಿನ ಸೀಟಿಂದ ಅಮ್ಮನ ಬೊಬ್ಬೆ.

ನಮ್ಮ ಕರಾವಳಿಯ ವಿಷಯ ಇನ್ನೊಂದು ಉಂಟು, ಇದನ್ನ ಬಯಲುಸೀಮೆಯವರು ಲೆಕ್ಕಕ್ಕೆ ಹಿಡಿಯುದು ಕಮ್ಮಿ. ಇಲ್ಲಿ ಥರ್ಮಾಮೀಟರಲ್ಲಿ 33 ಡಿಗ್ರಿ ಅಷ್ಟೇ ಇರ್ತದೆ, ಆದ್ರೆ ಗಾಳಿಯಲ್ಲಿ ನೀರು ತುಂಬಿರ್ತದೆ. ಎಸಿ ತಂಪು ಮಾಡುದರ ಜೊತೆ ಆ ನೀರನ್ನೂ ಹಿಂಡಬೇಕು. ಎಷ್ಟು ಹಿಂಡ್ತದೆ ಅಂತ ಕುತೂಹಲ ಆಗಿ ಕಾರಿನ ಅಡಿಗೆ, ಡ್ರೈನ್ ಪೈಪ್ ತೊಟ್ಟಿಕ್ಕುವಲ್ಲಿಗೆ ಒಂದು ಬೋಗುಣಿ ಇಟ್ಟೆ. ಬ್ಲೋವರ್ ಮೂರರಲ್ಲಿ, ಹೊರಗಿನ ಗಾಳಿ ಎಳೆಯುವ ಮೋಡಲ್ಲಿ, ಅರ್ಧ ಗಂಟೆಗೆ ಮುಕ್ಕಾಲು ಲೀಟರ್ ನೀರು. ಸಣ್ಣ ವಿಷಯ ಅಲ್ಲ ಅದು, ಒಂದು ಲೀಟರ್ ಆವಿ ನೀರಾಗುವಾಗ ಸುಮಾರು 2,400 ಕಿಲೋಜೌಲ್ ಶಾಖ ಬಿಡ್ತದೆ, ಅದನ್ನೆಲ್ಲ ಎಸಿಯೇ ಹೊರಗೆ ಹಾಕಬೇಕು, ಅಂದ್ರೆ ಆ ಅರ್ಧ ಗಂಟೆಯೂ ಒಂದು ಕಿಲೋವ್ಯಾಟಿನ ಹೀಟರ್ ಒಳಗೆ ಉರಿಸಿಟ್ಟು ಅದರ ಬಿಸಿ ತೆಗೆದಷ್ಟು ಕೆಲಸ, ಬರೀ ನೀರಿಗೆ. ಆಮೇಲೆ ಕಿಟಕಿ ಮುಚ್ಚಿ ರೀಸರ್ಕ್ಯುಲೇಷನ್ ಬಟನ್ ಒತ್ತಿ ಪುನಃ ಬೋಗುಣಿ ಇಟ್ಟೆ, ಶುರುವಿಗೆ ಧಾರೆ ಹಾಗೆ ಬಂದು ಮತ್ತೆ ಬರೀ ಹನಿ ಹನಿ, ಒಟ್ಟು ಒಂದು ಲೋಟ ಆಗಲಿಲ್ಲ. ಕ್ಲಚ್ ಟಕ್ ಅಂತ ಬಿಡುದೂ ಬೇಗ ಬೇಗ. ಒಮ್ಮೆ ಒಣಗಿಸಿ ತಂಪು ಮಾಡಿದ ಗಾಳಿಯನ್ನೇ ತಿರುಗಿಸ್ತದೆ ಅಲ್ವಾ. ನಮ್ಮೂರಲ್ಲಿ ಎಸಿ ಖರ್ಚು ಇಳಿಸುವ ಉಪಾಯಗಳಲ್ಲಿ ಇದಕ್ಕೆ ಸಮ ಇಲ್ಲ ಅಂತ ನನ್ನ ಅಭಿಪ್ರಾಯ, ಅದೂ ಪುಕ್ಕಟೆ. ಐದು ಜನ ತುಂಬಿಕೊಂಡು ದೂರ ಹೋಗುವಾಗ ಮಾತ್ರ ಆಗಾಗ ಎರಡು ನಿಮಿಷ ಹೊರಗಿನ ಗಾಳಿ ಬಿಡಬೇಕು, ಇಲ್ಲದಿದ್ರೆ ಎಲ್ಲರಿಗೂ ತೂಕಡಿಕೆ, ಡ್ರೈವರಿಗೂ.

ಇನ್ನೊಂದು, ನಾಬ್ ವಿಷಯ. ನೀಲಿಯಿಂದ ಸ್ವಲ್ಪ ಕೆಂಪು ಕಡೆ ತಿರುಗಿಸಿದ್ರೆ ಪೆಟ್ರೋಲ್ ಉಳೀತದೆ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಮ್ಯಾನುಯಲ್ ಎಸಿಯಲ್ಲಿ ಹಾಗೆ ಇಲ್ಲ. ಕಂಪ್ರೆಸರ್ ಮೊದಲಿನಷ್ಟೇ ತಂಪು ಮಾಡ್ತದೆ, ಆ ತಂಪು ಗಾಳಿಗೆ ಹೀಟರಿನ ಬಿಸಿ ಸೇರಿಸಿ ನಮಗೆ ಕೊಡ್ತದೆ, ಅಷ್ಟೇ. ಚಳಿ ಆದ್ರೆ ನಾಬ್ ನೀಲಿಯಲ್ಲೇ ಬಿಟ್ಟು ಬ್ಲೋವರ್ ಒಂದಕ್ಕೆ ಇಳಿಸಿ, ಗಾಳಿ ಕಮ್ಮಿ ಆದ ಕಾರಣ ಒಳಗಿನ ಕಾಯಿಲ್ ಬೇಗ ತಂಪಾಗಿ ಕ್ಲಚ್ ಬೇಗ ಬಿಡ್ತದೆ. ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇದ್ದವರು 24-25ಕ್ಕೆ ಇಟ್ಟು ಬಿಡುದು ಒಳ್ಳೇದು.

ಪೆರ್ಲ, ಅಡ್ಕಸ್ಥಳ ಕಡೆ ಏರು ತಗ್ಗು ಜಾಸ್ತಿ ಅಲ್ವಾ, ಅಲ್ಲಿ ಆಪ್ ನೋಡ್ತಾ ಹೋದ್ರೆ ಒಂದು ಮಜಾ ಉಂಟು (ನೋಡುದು ಪಕ್ಕದಲ್ಲಿ ಕೂತವರು, ಡ್ರೈವರ್ ಅಲ್ಲ). ಇಳಿಜಾರಲ್ಲಿ ಗೇರಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಇಂಜೆಕ್ಟರ್ ಪೆಟ್ರೋಲ್ ಹಾಕುದನ್ನೇ ನಿಲ್ಲಿಸ್ತದೆ, ರೀಡಿಂಗ್ ಸೊನ್ನೆ, ಆಗ ಕಂಪ್ರೆಸರ್ ತಿರುಗಿಸುದು ಚಕ್ರಗಳು. ಆ ಹೊತ್ತಿನ ಎಸಿ ಫ್ರೀ. ನ್ಯೂಟ್ರಲ್ ಮಾಡಿ ಇಳಿಯುವವರಿಗೆ ಇದು ಸಿಗುದಿಲ್ಲ, ಬ್ರೇಕಿಗೂ ಅದು ಅಪಾಯ. ಏರಿನಲ್ಲಿ ಫುಲ್ ಒತ್ತಿದಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಕಂಪ್ರೆಸರನ್ನ ಸ್ವಲ್ಪ ಹೊತ್ತು ಕಟ್ ಮಾಡ್ತದೆ, ಹಾಗಾಗಿ ಏರು ಬಂದಾಗ ಎಸಿ ಆಫ್ ಮಾಡುವ ಹಳೇ ಅಭ್ಯಾಸ ನಾನು ಬಿಟ್ಟಿದ್ದೇನೆ.

ಬಿಸಿಲಲ್ಲಿ ನಿಲ್ಲಿಸಿದ ಕಾರಿಗೆ ಹತ್ತಿದ ಕೂಡ್ಲೆ ಎಸಿ ಹಾಕುದು ದಂಡ, ಒಳಗಿನ ಗಾಳಿ ಹೊರಗಿಂತ ಎಷ್ಟೋ ಬಿಸಿ ಇರ್ತದೆ, ಬಾಗಿಲು ತೆರೆದು ಒಂದು ನಿಮಿಷ ಬಿಟ್ಟು ಕಿಟಕಿ ಇಳಿಸಿ ಸ್ವಲ್ಪ ದೂರ ಹೋಗಿ ಆಮೇಲೆ ಮುಚ್ಚುದು.

ಸರ್ವಿಸಿನ ವಿಷಯಕ್ಕೆ ಬಂದ್ರೆ, ಎಸಿಯ ಬಿಸಿ ಹೊರಗೆ ಹಾಕುವ ಕಂಡೆನ್ಸರ್ ರೇಡಿಯೇಟರಿನ ಎದುರೇ ಕೂತಿರ್ತದೆ, ಹೈವೇ ಕೆಲಸ ಆಗುವಾಗ ಅದರ ತುಂಬ ಮುರಕಲ್ಲಿನ ಧೂಳು ಹಿಡಿದು ಕೆಂಪಾಗಿತ್ತು. ಬಿಸಿ ಹೊರಗೆ ಹೋಗದಿದ್ರೆ ಕಂಪ್ರೆಸರ್ ಪ್ರೆಶರ್ ಏರ್ತದೆ, ಎಂಜಿನ್ನಿಗೆ ಭಾರ. ಸಾಧಾರಣ ಪೈಪಿನ ನೀರಲ್ಲಿ ನಿಧಾನಕ್ಕೆ ತೊಳೆದ್ರೆ ಸಾಕು, ಪ್ರೆಶರ್ ವಾಶರ್ ಹತ್ತಿರ ಹಿಡಿದ್ರೆ ಅದರ ತೆಳು ಫಿನ್ ಮಡಚಿ ಹೋಗ್ತದೆ. ಕ್ಯಾಬಿನ್ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದೆ ಇರ್ತದೆ, ನಾನೇ ಬದಲಿಸ್ತೇನೆ. ಒಂದು ಅಂಗಡಿಯವರು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಅಂತ ಹೇಳ್ತಾ ಇದ್ದರು. ಎಸಿ ಸಿಸ್ಟಮ್ ಸೀಲ್ ಆಗಿರ್ತದೆ, ಪೆಟ್ರೋಲ್ ಹಾಗೆ ಉರಿದು ಖಾಲಿ ಆಗುವಂಥದ್ದಲ್ಲ ಆ ಗ್ಯಾಸು, ವರ್ಷವರ್ಷ ತಂಪು ಕಮ್ಮಿ ಆಗ್ತಾ ಉಂಟು ಅಂದ್ರೆ ಎಲ್ಲೋ ಲೀಕ್ ಉಂಟು ಅಂತ ಅರ್ಥ, ಮೊದಲು ಅದನ್ನ ಹುಡುಕಿಸಿ.

ಜೂನ್ ಬಂದ ಮೇಲೆ ಮಾತ್ರ ಈ ಲೆಕ್ಕ ಎಲ್ಲ ಬದಿಗಿಡಿ. ಮಳೆಗೆ ಗ್ಲಾಸ್ ಒಳಗಿಂದ ಮಂಜು ಹಿಡಿದ್ರೆ ಎಸಿ ಆನ್, ರೀಸರ್ಕ್ಯುಲೇಷನ್ ಆಫ್, ಗಾಳಿ ಗ್ಲಾಸ್ ಕಡೆಗೆ, ಬೇಕಾದ್ರೆ ನಾಬ್ ಕೆಂಪು ಕಡೆ. ರಾತ್ರಿ ಮಳೆಯಲ್ಲಿ ಎದುರಿನ ಲೈಟಿಗೆ ಏನೂ ಕಾಣದೆ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗ್ಲಾಸ್ ಒರೆಸ್ತಾ ಓಡಿಸುವವರನ್ನ ಈಗಲೂ ನೋಡ್ತೇನೆ, ಪಕ್ಕದಲ್ಲೇ ಬಟನ್ ಉಂಟು, ಒತ್ತುದಿಲ್ಲ.