ಕೇಸು ಬೀಳುವುದು ಕಾರ್ಟ್ ಪೇಜಿನಲ್ಲಿ: ಒಂದು ಕೊಬ್ಬರಿ ಎಣ್ಣೆ ಸೈಟು ಸರಿಮಾಡಿದ ಅನುಭವ

ಎಣ್ಣೆ ತಿಪಟೂರಿನದು, ಸೈಟು ಮಾಡಿದ್ದು ತುಮಕೂರಿನಲ್ಲಿ, ಕೊಳ್ಳುವವರು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆಯವರು. ಇಂಥ ಸೈಟಿನಲ್ಲಿ ಅಂಧ ಗ್ರಾಹಕರಿಗೆ ಆರ್ಡರ್ ಮಾಡಲು ಆಗದಿದ್ದರೆ ನೋಟಿಸು ಹೋಗುವುದು ಅಲ್ಲಿನ ಇಂಪೋರ್ಟರ್ ಹೆಸರಿಗೆ. ಆದರೆ ಅಗ್ರಿಮೆಂಟಿನ ಮೂಲೆಯಲ್ಲಿ ‘ಸೈಟಿನಿಂದ ಬರುವ ಕಾನೂನು ಖರ್ಚು ಡೆವಲಪರ್ ಭರಿಸತಕ್ಕದ್ದು’ ಎಂಬ ಸಾಲಿದ್ದರೆ ಬಿ.ಎಚ್. ರಸ್ತೆಯ ಆಫೀಸಿಗೂ ಬಿಸಿ ತಟ್ಟುತ್ತದೆ. ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ.

ವಿಕಲಚೇತನರಿಗೆ ತಾರತಮ್ಯ ಮಾಡಬಾರದೆನ್ನುವ ಅಮೆರಿಕದ ಎಡಿಎ ಕಾಯ್ದೆ 1990ರದ್ದು. ಅದರಲ್ಲಿ ವೆಬ್‌ಸೈಟ್ ಎಂಬ ಮಾತೇ ಇಲ್ಲ. ಡಾಮಿನೋಸ್ ಸೈಟಿನಲ್ಲಿ ಪಿಜ್ಜಾ ಆರ್ಡರ್ ಮಾಡಲಾಗದ ಅಂಧ ಗ್ರಾಹಕರೊಬ್ಬರು ಹಾಕಿದ ಕೇಸಿನಲ್ಲಿ, ಅಂಗಡಿಗೆ ಸೇರಿದ ಸೈಟು, ಆ್ಯಪ್‌ಗಳಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿಯ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಖಾಸಗಿಯವರು ಎಡಿಎ ಅಡಿ ಕೇಸು ಹಾಕಿದರೆ ಪರಿಹಾರದ ಹಣ ಸಿಗದು, ಆದರೆ ಗೆದ್ದರೆ ವಕೀಲರ ಫೀಸು ಎದುರು ಪಾರ್ಟಿಯ ತಲೆಗೆ. ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಉನ್ರೂ ಕಾಯ್ದೆ ಸೇರಿಕೊಂಡರೆ ಒಂದೊಂದು ಉಲ್ಲಂಘನೆಗೆ ಕನಿಷ್ಠ 4,000 ಡಾಲರ್ ಪರಿಹಾರ. ಹಾಗಾಗಿ ಬಹುಪಾಲು ರಾಜಿಯಲ್ಲೇ ಮುಗಿಯುತ್ತವೆ. ಒಬ್ಬರ ಜೊತೆ ರಾಜಿಯಾಗಿ ಸೈಟು ಹಾಗೇ ಬಿಟ್ಟರೆ ಇನ್ನೊಬ್ಬರು ಕೇಸು ಹಾಕಲು ಅಡ್ಡಿಯೇನಿಲ್ಲ.

ನಾನು ಹೋಮ್ ಪೇಜ್ ಮುಟ್ಟುವುದು ಕೊನೆಗೆ. ಮೊದಲು ಒಂದೇ ದಾರಿ ಹಿಡಿಯುತ್ತೇನೆ: ಸರಕಿನ ಪುಟ, ಕಾರ್ಟ್, ವಿಳಾಸ, ಹಣ ಕಟ್ಟುವುದು, ಆರ್ಡರ್ ಆಯಿತೆಂಬ ಪುಟ. ಮೌಸ್ ಕಿತ್ತಿಟ್ಟು ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿ ಇಷ್ಟರಲ್ಲೇ ಎಣ್ಣೆ ಕೊಳ್ಳಲು ಆಗಬೇಕು. ಇದಕ್ಕೆ ಇಪ್ಪತ್ತು ನಿಮಿಷ ಸಾಕು, ಮುಖ್ಯವಾದ ಹುಳುಕು ಬಹಳಷ್ಟು ಇಲ್ಲೇ ಹೊರಬೀಳುತ್ತದೆ. ಆಮೇಲೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಪರದೆ ಆರಿಸಿ ಅದೇ ದಾರಿ ಇನ್ನೊಮ್ಮೆ. ಎನ್‌ವಿಡಿಎ ಉಚಿತ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದೇ ಕೆಲಸಕ್ಕೆ ಟಾಕ್‌ಬ್ಯಾಕ್.

ಈ ಸೈಟಿನಲ್ಲಿ ಮೊದಲು ಕೈಕೊಟ್ಟದ್ದು ಅಳತೆ ಆರಿಸುವ ಜಾಗ. ಅರ್ಧ ಲೀಟರ್, ಒಂದು ಲೀಟರ್, ಐದು ಲೀಟರ್ ಎಂಬ ಮೂರು ಚಂದದ ಡಬ್ಬಿಗಳು. ಮೂರೂ ಬರೀ ಡಿವ್ (ಪುಟದ ಕೋಡಿನಲ್ಲಿ ತನ್ನದೇ ಅರ್ಥವಿಲ್ಲದ ಖಾಲಿ ಚೌಕಟ್ಟು), ಮೇಲೊಂದು ಮೌಸ್ ಕ್ಲಿಕ್. ಟ್ಯಾಬ್ ಒತ್ತಿದರೆ ಮೂರನ್ನೂ ಹಾರಿ ನೇರ ಫೂಟರ್‌ಗೆ ಹೋಗುತ್ತಿತ್ತು. ಅಂದರೆ ಕಣ್ಣು ಕಾಣದವರ ಪಾಲಿಗೆ ಅಲ್ಲಿ ಆಯ್ಕೆಯೇ ಇಲ್ಲ. ಇಂಥ ಕಡೆ ಡಿವ್‌ಗೆ ಏರಿಯಾ (ARIA, ಸ್ಕ್ರೀನ್ ರೀಡರ್‌ಗೆ ಇದೇನೆಂದು ತಿಳಿಸುವ ಗುರುತು) ರೋಲ್ ಅಂಟಿಸಿ ಬಣ್ಣ ಹೊಡೆಯಬೇಡಿ. ರೋಲ್ ಹಾಕಿದರೆ ‘ಬಟನ್’ ಎಂದು ಓದುತ್ತದೆ, ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಅದಕ್ಕಿಂತ ಸುಮ್ಮನಿರುವುದೇ ವಾಸಿ. ನಿಜವಾದ ರೇಡಿಯೊ ಇನ್‌ಪುಟ್ (ಒಂದನ್ನೇ ಆರಿಸುವ ಗುಂಡಿ) ಮೂರು, ಸುತ್ತ ಅವನ್ನು ಗುಂಪುಮಾಡುವ ಫೀಲ್ಡ್‌ಸೆಟ್, ಮೇಲೆ ಗುಂಪಿನ ಹೆಸರಾಗಿ ‘ಅಳತೆ’ ಎಂಬ ಲೆಜೆಂಡ್. ರೂಪ ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಡಿಸ್‌ಪ್ಲೇ ನನ್ ಕೊಟ್ಟು ರೇಡಿಯೊ ಮರೆಮಾಡಿದರೆ ಕೀಬೋರ್ಡಿಗೂ ಸಿಗದು; ಅಪಾಸಿಟಿ ಸೊನ್ನೆ ಮಾಡಿ ಡಬ್ಬಿಯ ಮೇಲೇ ಕೂರಿಸಿ, ಫೋಕಸ್ (ಟ್ಯಾಬ್ ಬಂದು ನಿಂತ ಗುರುತು) ಬಂದಾಗ ಡಬ್ಬಿಗೆ ದಪ್ಪ ಅಂಚು ಕೊಡಿ. ಫೋಕಸ್ಸಿನ ಅಂಚನ್ನೇ ಅಳಿಸುವ ಔಟ್‌ಲೈನ್ ನನ್ ಎಂಬ ಸಾಲು ಸ್ಟೈಲ್‌ಶೀಟಿನಲ್ಲಿ ಎಲ್ಲಿದ್ದರೂ ಅಳಿಸಿ. ಯಾವ ಪುಣ್ಯಾತ್ಮ ಮೊದಲು ಅದನ್ನು ಬರೆದನೋ, ಎಲ್ಲರೂ ನಕಲು ಹೊಡೆಯುತ್ತಾರೆ.

ಎರಡನೆಯದು ಕಾರ್ಟ್‌ಗೆ ಹಾಕಿದ ಮೇಲಿನ ಮೌನ. ಮೂಲೆಯಲ್ಲಿ ‘1’ ಎಂದು ಬಿದ್ದದ್ದು ಕಂಡವರಿಗೆ ಮಾತ್ರ ಕಂಡಿತು. ಬದಲಾವಣೆಯನ್ನು ತಾನಾಗಿ ಓದಿಸುವ ಏರಿಯಾ-ಲೈವ್ ‘ಪೊಲೈಟ್’ ಇರುವ ಖಾಲಿ ಜಾಗವೊಂದನ್ನು ಪುಟ ಲೋಡ್ ಆಗುವಾಗಲೇ ಇಟ್ಟು, ಆಮೇಲೆ ಅದರೊಳಗೆ ‘ಒಂದು ಲೀಟರ್ ಎಣ್ಣೆ ಕಾರ್ಟ್‌ಗೆ ಸೇರಿತು’ ಎಂದು ಬರೆಯಬೇಕು. ಜಾಗ, ಮಾತು ಎರಡನ್ನೂ ಒಟ್ಟಿಗೆ ಸೇರಿಸಿದರೆ ಸ್ಕ್ರೀನ್ ರೀಡರ್ ಎಷ್ಟೋ ಸಲ ಓದುವುದೇ ಇಲ್ಲ.

ವಿಳಾಸದ ಫಾರಂನಲ್ಲಿ ಡಬ್ಬಿಯೊಳಗೆ ಮಸುಕಾಗಿ ಕಾಣುವ ಪ್ಲೇಸ್‌ಹೋಲ್ಡರ್ ಲೇಬಲ್ ಆಗದು. ಪ್ರತಿ ಫೀಲ್ಡಿಗೂ ಲೇಬಲ್, ಫಾರ್ ಮತ್ತು ಐಡಿ ಹೊಂದಿಸಿ. ತಪ್ಪಾದಾಗ ಡಬ್ಬಿ ಕೆಂಪಾದರೆ ಸಾಲದು. ‘ಪಿನ್ ಕೋಡ್ 6 ಅಂಕಿ ಇರಬೇಕು’ ಎಂದು ಬರೆದು, ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಫೀಲ್ಡಿಗೆ ಕಟ್ಟಿ, ಫೋಕಸ್ಸನ್ನು ಮೊದಲ ತಪ್ಪಿಗೆ ಒಯ್ಯಿರಿ. ಪಿನ್ ಕೋಡಿನ ಮಾತು ಬಂತಲ್ಲ, ಅಮೆರಿಕದ ಜಿಪ್ 5 ಅಂಕಿ. ನಮ್ಮ ಫಾರಂ ನಕಲಿಸಿದರೆ ಅಲ್ಲಿ ಕಣ್ಣಿದ್ದವರಿಗೂ ಆರ್ಡರ್ ಆಗದು. ಒಟಿಪಿ ಡಬ್ಬಿಯಲ್ಲಿ ಪೇಸ್ಟ್ ತಡೆಯಬೇಡಿ.

ಬಣ್ಣದ ಲೆಕ್ಕ ಸುಲಭ. ಬಣ್ಣಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡಕ್ಷರಕ್ಕೂ ಡಬ್ಬಿಗಳ ಅಂಚಿಗೂ 3:1. ಬಿಳಿಯ ಮೇಲೆ 767676 ಎಂಬ ಬಣ್ಣಸಂಕೇತದ ಬೂದು 4.54 ಬಂದು ಪಾಸು, 777777 ಆದರೆ 4.48, ಫೇಲು. ಒತ್ತುವ ಗುರಿ ಕನಿಷ್ಠ 24 ಪಿಕ್ಸೆಲ್ ಚೌಕ. ಇದು 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ (ವೆಬ್ ಎಲ್ಲರಿಗೂ ಎಟುಕಲೆಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ) 2.2ರಲ್ಲಿ ಸೇರಿದ್ದು.

ಈ ಸೈಟಿನಲ್ಲಿ ಕನ್ನಡ ಪುಟಗಳೂ ಇವೆ. ಕನ್ನಡದ ಪಾಡು ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಸಿಗದು. ಗಾಣದ ಬಗೆಗಿನ ಪುಟವನ್ನು ಹಳೆಯ ನುಡಿ ಫಾಂಟಿನ ಕಡತದಿಂದ ಎತ್ತಿ ಹಾಕಿದ್ದರು. ಕಣ್ಣಿಗೆ ಅಚ್ಚ ಕನ್ನಡ. ಆದರೆ ಒಳಗೆ ‘ಕ’ ಇಲ್ಲ. ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟಿರುವ ‘ಎ’. ಎನ್‌ವಿಡಿಎ ಅದನ್ನೇ ಓದುತ್ತದೆ, ಪುಟವಿಡೀ ಮಂತ್ರ ಹೇಳಿದ ಹಾಗೆ. ಯಾವ ತಪಾಸಣೆ ಟೂಲೂ ಇದನ್ನು ನನಗೆ ಹಿಡಿದುಕೊಟ್ಟಿಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ. ಪರಿವರ್ತಕಗಳು ಎಡವುವುದು ಅಲ್ಲೇ. ಪುಟದ ಭಾಷೆ ಹೇಳುವ ಲ್ಯಾಂಗ್ ‘ಕೆಎನ್’ ಇರಲಿ, ಇಂಗ್ಲಿಷ್ ಪುಟದ ನಡುವಿನ ಕನ್ನಡ ಸಾಲಿಗೂ ಬೇರೆಯಾಗಿ ಹಾಕಿ. ಇಲ್ಲದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡವನ್ನು ಹಾರಿಸಿಬಿಡಬಹುದು. ಬಟನ್‌ಗೆ ಎತ್ತರ ಪಿಕ್ಸೆಲಿನಲ್ಲಿ ಕಟ್ಟಿದರೆ ‘ಲಕ್ಷ್ಮಿ’ಯ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ; ಎತ್ತರ ತೆಗೆದು ಲೈನ್-ಹೈಟ್ 1.6 ಇಡುತ್ತೇನೆ.

ಆಕ್ಸ್, ವೇವ್, ಲೈಟ್‌ಹೌಸ್ ಎಂಬ ತಪಾಸಣೆ ಟೂಲುಗಳನ್ನು ಓಡಿಸುವುದು ಇದೆಲ್ಲ ಆದ ಮೇಲೆ. ಲೈಟ್‌ಹೌಸಿನಲ್ಲಿ 100 ಬಂದ ಪುಟದಲ್ಲೂ ಮೇಲಿನ ಡಿವ್ ಡಬ್ಬಿಗಳು ಹಾಗೇ ಉಳಿದಿರಬಹುದು. ಚಿತ್ರಕ್ಕೆ ಆಲ್ಟ್ (ಓದಿ ಹೇಳಲು ಬರೆದ ವಿವರಣೆ) ಇದೆಯೋ ಇಲ್ಲವೋ ಎಂದು ಟೂಲು ಹೇಳೀತು. ‘ಐಎಂಜಿ 2041’ ಎಂಬುದು ಎಣ್ಣೆಯ ಬಾಟಲಿಯ ವಿವರಣೆ ಅಲ್ಲವೆಂದು ಅದಕ್ಕೆ ತಿಳಿಯದು.

ಒಂದು ಸಾಲು ಸ್ಕ್ರಿಪ್ಟ್ ಹಾಕಿದರೆ ಸೈಟು ಕಾನೂನುಬದ್ಧವಾಗುತ್ತದೆ ಎಂದು ಮಾರುವ ವಿಡ್ಜೆಟ್‌ಗಳಿಗೆ ದುಡ್ಡು ಸುರಿಯಬೇಡಿ. ಇಂಥದ್ದೇ ಭರವಸೆ ಕೊಟ್ಟ ಆಕ್ಸೆಸಿಬಿ ಕಂಪನಿಯಿಂದ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು.

ದಾಖಲೆಗೆ ಒಂದು ಶೀಟು: ದಿನಾಂಕ, ಪುಟ, ಕಂಡ ತಪ್ಪು, ಯಾವ ಬ್ರೌಸರ್ ಮತ್ತು ಎನ್‌ವಿಡಿಎ ಆವೃತ್ತಿ, ಸರಿಮಾಡಿದ ದಿನ. ಅಗ್ರಿಮೆಂಟಿನಲ್ಲಿ ‘ಸಂಪೂರ್ಣ ಪಾಲನೆ’ ಎಂದು ಬರೆದುಕೊಡುವುದಿಲ್ಲ; ‘ಇಂಥ ಪುಟಗಳನ್ನು ಇಂಥ ದಿನ ಡಬ್ಲ್ಯೂಸಿಎಜಿ 2.1 ಎಎ ಮಟ್ಟದ ಪ್ರಕಾರ ಪರೀಕ್ಷಿಸಿದೆ, ಹೊರಗಿನ ಪೇಮೆಂಟ್ ಪುಟ ಇದರಲ್ಲಿ ಸೇರಿಲ್ಲ’ ಎಂದಷ್ಟೇ. ನೋಟಿಸು ಬಂದೇಬಿಟ್ಟರೆ ಆ ದಿನದ ಸೈಟಿನ ಪೂರ್ತಿ ಪ್ರತಿ ತೆಗೆದಿಟ್ಟು, ನೀವೇ ಉತ್ತರ ಬರೆಯದೆ ಅಲ್ಲಿನ ವಕೀಲರಿಗೆ ಕೊಡಿ. ಅಮೆರಿಕದಲ್ಲೇ ಫೆಡರಲ್ ಕೋರ್ಟಿನ ಸಮನ್ಸ್ ಕೈಗೆ ಬಂದರೆ ಉತ್ತರಕ್ಕೆ ಸಾಮಾನ್ಯವಾಗಿ ಇರುವುದು 21 ದಿನ.

ನಮ್ಮಲ್ಲಿ ಮಾರುವವರೂ ಆರಾಮಾಗಿರುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಆಮೇಲಿನದಕ್ಕೆ 50,000ದಿಂದ 5 ಲಕ್ಷದವರೆಗೆ ದಂಡ. 2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಎಟುಕುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿಸಿದೆ.

ಸರಿಮಾಡಿದ ಸೈಟು ಮತ್ತೆ ಕೆಡುವುದು ಹಬ್ಬದ ಬ್ಯಾನರಿನಿಂದ. ಯುಗಾದಿ ರಿಯಾಯಿತಿಯನ್ನೆಲ್ಲ ಒಂದು ಚಿತ್ರದೊಳಗೆ ಬರೆದು ವಾಟ್ಸ್‌ಆ್ಯಪ್‌ನಿಂದ ಎತ್ತಿ ಹಾಕುತ್ತಾರೆ. ಅದಕ್ಕೇ ಅಡ್ಮಿನ್‌ನಲ್ಲಿ ಆಲ್ಟ್ ಖಾಲಿ ಇದ್ದರೆ ಸೇವ್ ಆಗದ ಹಾಗೆ ಮಾಡಿದ್ದೇನೆ. ಬರೀ ಅಲಂಕಾರದ ಚಿತ್ರಕ್ಕೆ ಬೇರೆ ಟಿಕ್ ಇದೆ. ಮೊದಲ ವಾರವೇ ಯಾರೋ ಅಲ್ಲೊಂದು ಚುಕ್ಕಿ ಒತ್ತಿ ಸೇವ್ ಮಾಡಿದ್ದರು. ಈಗ ಅದು ಹತ್ತು ಅಕ್ಷರ ಕೇಳುತ್ತದೆ.