ಕ್ಯಾಲಿಫೋರ್ನಿಯಾದಲ್ಲಿ ಗ್ಯಾಸ್ ಲೈನ್ ಇಲ್ಲದ ಮನೆ: ಸಹಿ ಹಾಕುವ ಮುಂಚೆ ತಿಳಿದಿರಬೇಕಾದ್ದು

ಟ್ರೇಸಿ, ಡಬ್ಲಿನ್, ಫೋಲ್ಸಮ್, ಇರ್ವೈನ್ ಕಡೆಯ ಹೊಸ ಲೇಔಟ್‌ಗಳಲ್ಲಿ ಮನೆ ನೋಡಲು ಹೋದವರಿಗೆ ‘ಆಲ್-ಎಲೆಕ್ಟ್ರಿಕ್’ ಅನ್ನುವ ಮಾತು ಈಗ ಪದೇ ಪದೇ ಕೇಳಿಸುತ್ತದೆ. ಮನೆಗೆ ಗ್ಯಾಸ್ ಲೈನೇ ಇರುವುದಿಲ್ಲ. ಒಲೆ, ಬಿಸಿನೀರು, ಚಳಿಗಾಲದ ಹೀಟಿಂಗ್, ಬಟ್ಟೆ ಒಣಗಿಸುವುದು, ಕಾರು, ಎಲ್ಲಕ್ಕೂ ಕರೆಂಟೇ. ಮೇಲೊಂದಿಷ್ಟು ಸೋಲಾರ್ ಇರುತ್ತದೆ, ಆದರೆ ಅದು ಬಿಲ್ಡರ್ ಪ್ರೀತಿಯಿಂದ ಕೊಟ್ಟದ್ದಲ್ಲ. 2020ರ ಜನವರಿ 1ರಿಂದ ಹೊಸ ಮನೆಗಳಿಗೆ ರಾಜ್ಯದ ಕಟ್ಟಡ ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಗ್ಯಾಸ್‌ಗೆ ಮಾತ್ರ ರಾಜ್ಯಾದ್ಯಂತ ನಿಷೇಧವಿಲ್ಲ. ಬರ್ಕ್ಲಿ ನಗರ 2019ರಲ್ಲಿ ಮಾಡಿದ ನಿಷೇಧವನ್ನು 2023ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಆದರೆ ಅದೇ ವರ್ಷದ ಜುಲೈಯಿಂದ ಹೊಸ ಮನೆಗಳಿಗೆ ಗ್ಯಾಸ್ ಪೈಪ್ ಎಳೆಯಲು ಬಿಲ್ಡರ್‌ಗೆ ಸಿಗುತ್ತಿದ್ದ ರಿಯಾಯಿತಿ ನಿಂತುಹೋಯಿತು. ಪರಿಸರ ಕಾಳಜಿಗಿಂತ ಆ ಲೆಕ್ಕವೇ ಹೆಚ್ಚು ಕೆಲಸ ಮಾಡಿದೆ ಎಂದರೆ ತಪ್ಪಾಗಲಾರದು.

ಹಾಗಾಗಿ ಸೇಲ್ಸ್ ಆಫೀಸಿನಲ್ಲಿ ‘ಸೋಲಾರ್ ಇದೆಯಾ’ ಅಂತ ಕೇಳಿ ಪ್ರಯೋಜನವಿಲ್ಲ, ಇದ್ದೇ ಇರುತ್ತದೆ. ಕರೆಂಟ್ ಕಂಪನಿ ಯಾವುದು, ಚಾವಣಿಯ ಪ್ಯಾನೆಲ್ ಯಾರ ಹೆಸರಲ್ಲಿದೆ, ಲೈನ್ ಹೋದಾಗ ಮನೆಯಲ್ಲಿ ಏನೇನು ಉರಿಯುತ್ತದೆ, ಇವನ್ನು ಕೇಳಿ. ಬಿಲ್ಲು ನೂರು ಡಾಲರೋ ಐನೂರು ಡಾಲರೋ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಕಂಪನಿ ಮತ್ತು ಗಡಿಯಾರ

ಬೆಂಗಳೂರಲ್ಲಿ ಯಾವ ಬಡಾವಣೆಗೆ ಹೋದರೂ ಬೆಸ್ಕಾಂ. ಇಲ್ಲಿ ರಸ್ತೆ ದಾಟಿದರೆ ಕಂಪನಿ ಬದಲಾಗಬಹುದು. ಫ್ರೀಮಾಂಟ್, ಡಬ್ಲಿನ್, ಟ್ರೇಸಿಗೆ ಪಿಜಿ ಅಂಡ್ ಇ. ಟ್ರೇಸಿ ಪಕ್ಕದ ಮೌಂಟನ್ ಹೌಸ್‌ಗೆ ಮೊಡೆಸ್ಟೊ ಇರಿಗೇಶನ್ ಡಿಸ್ಟ್ರಿಕ್ಟ್. ಫೋಲ್ಸಮ್‌ಗೆ ಸ್ಯಾಕ್ರಮೆಂಟೊದ ಸ್ಮಡ್, ಸಾಂಟಾ ಕ್ಲಾರಾ ಮತ್ತು ಪಾಲೊ ಆಲ್ಟೊ ನಗರಗಳಿಗೆ ತಮ್ಮದೇ ವಿದ್ಯುತ್ ಇಲಾಖೆ, ಇರ್ವೈನ್‌ಗೆ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್. ಮೊಡೆಸ್ಟೊ, ಸ್ಮಡ್, ಸಾಂಟಾ ಕ್ಲಾರಾ, ಪಾಲೊ ಆಲ್ಟೊದಂಥ ಸಾರ್ವಜನಿಕ ಕಂಪನಿಗಳು ತಮ್ಮ ದರವನ್ನು ತಾವೇ ನಿಗದಿ ಮಾಡುತ್ತವೆ. ಸಾಂಟಾ ಕ್ಲಾರಾದ ಗೆಳೆಯರ ಬಿಲ್ ನೋಡಿ ಡಬ್ಲಿನ್‌ನಲ್ಲಿ ಮನೆ ಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ.

ಸನ್ನಿವೇಲ್, ಕ್ಯೂಪರ್ಟಿನೊದಲ್ಲಿ ಪಿಜಿ ಅಂಡ್ ಇ ಬಿಲ್ಲಿನೊಳಗೇ ಸಿಲಿಕಾನ್ ವ್ಯಾಲಿ ಕ್ಲೀನ್ ಎನರ್ಜಿಯ ಹೆಸರಿರುತ್ತದೆ, ಫ್ರೀಮಾಂಟ್‌ನಲ್ಲಿ ಆವಾ ಕಮ್ಯೂನಿಟಿ ಎನರ್ಜಿಯದು. ಎರಡೆರಡು ಸಲ ದುಡ್ಡು ಕಿತ್ತುಕೊಳ್ಳುತ್ತಿದ್ದಾರೆಂದು ಗಾಬರಿ ಬೇಡ. ನಿಮ್ಮ ಪರವಾಗಿ ಕರೆಂಟ್ ಖರೀದಿಸುವವರು ಇವರು, ತಂತಿ ಮಾತ್ರ ಪಿಜಿ ಅಂಡ್ ಇಯದು.

ಮೂರು ದೊಡ್ಡ ಖಾಸಗಿ ಕಂಪನಿಗಳಲ್ಲಿ (ಮೂರನೆಯದು ಸ್ಯಾನ್ ಡಿಯೇಗೊ ಗ್ಯಾಸ್ ಅಂಡ್ ಇಲೆಕ್ಟ್ರಿಕ್) 2023ರ ಏಪ್ರಿಲ್ 15ರಿಂದ ಹೊಸ ಸೋಲಾರ್‌ಗೆ ಹಳೆಯ ನೆಟ್ ಮೀಟರಿಂಗ್ ಇಲ್ಲ. ಮೊದಲು ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ ಹೆಚ್ಚುಕಮ್ಮಿ ಕೊಳ್ಳುವ ದರವೇ ಸಿಗುತ್ತಿತ್ತು. ಈಗ ಕೊಡುವ ಯೂನಿಟ್‌ಗೆ ಗಂಟೆಗೊಂದು ಬೆಲೆ. ವಸಂತಕಾಲದ ಮಧ್ಯಾಹ್ನ ಸಿಗುವುದು ಕೆಲವೇ ಸೆಂಟ್. ಅದೇ ಯೂನಿಟ್ಟನ್ನು ಸಂಜೆ 4ರಿಂದ 9ರೊಳಗೆ ಕೊಂಡರೆ ಅದರ ಹಲವು ಪಟ್ಟು ತೆರಬೇಕು. ಆಗಸ್ಟ್-ಸೆಪ್ಟೆಂಬರ್ ಸಂಜೆಗಳ ಒಂದಷ್ಟು ಗಂಟೆ ಮಾತ್ರ ಗ್ರಿಡ್‌ಗೆ ಕೊಟ್ಟದ್ದಕ್ಕೆ ಸಿಗುವ ಬೆಲೆಯೂ ಏಕಾಏಕಿ ಏರುತ್ತದೆ. ಬ್ಯಾಟರಿ ಇದ್ದವರಿಗೆ ಅದರ ಲಾಭ, ಇಲ್ಲದವರ ಪ್ಯಾನೆಲ್ ಅಷ್ಟು ಹೊತ್ತಿಗೆ ಮಲಗುತ್ತಿರುತ್ತದೆ. ಇದರ ಮೇಲೆ ಬಳಸಲಿ ಬಿಡಲಿ ತಿಂಗಳಿಗೆ 24.15 ಡಾಲರ್ ಸ್ಥಿರ ಶುಲ್ಕ, ಕಡಿಮೆ ಆದಾಯದವರಿಗೆ ಅದಕ್ಕಿಂತ ಕಮ್ಮಿ.

ಆದ್ದರಿಂದ ನೀರು ಕಾಯಿಸುವುದು, ಡಿಶ್‌ವಾಷರ್, ಬಟ್ಟೆ ಒಗೆಯುವುದು, ವರ್ಕ್ ಫ್ರಮ್ ಹೋಮ್ ದಿನ ಕಾರು ಚಾರ್ಜ್ ಮಾಡುವುದು, ಇವೆಲ್ಲ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಮುಗಿಯಲಿ. ಪಿಜಿ ಅಂಡ್ ಇಯ ಎಲೆಕ್ಟ್ರಿಕ್ ಮನೆಯ ಪ್ಲ್ಯಾನ್‌ನಲ್ಲಿ ಮಧ್ಯರಾತ್ರಿಯಿಂದ ಮಧ್ಯಾಹ್ನ 3ರವರೆಗೆ ಅಗ್ಗದ ದರ. ಸ್ಮಡ್‌ನಲ್ಲಿ ದುಬಾರಿ ಹೊತ್ತು ಸಂಜೆ 5ರಿಂದ 8.

ಅಡುಗೆಮನೆ

ಗ್ಯಾಸ್ ಇಲ್ಲ ಅಂದ ತಕ್ಷಣ ನಮ್ಮವರ ಮೊದಲ ಪ್ರಶ್ನೆ ದೋಸೆಯದು. ಎರಕದ ಕಬ್ಬಿಣದ ಕಾವಲಿ ಇಂಡಕ್ಷನ್ ಮೇಲೆ ಚೆನ್ನಾಗಿಯೇ ನಡೆಯುತ್ತದೆ, ಕಷ್ಟ ಇರುವುದು ಅಳತೆಯಲ್ಲಿ. ಒಲೆಯ ಸುರುಳಿ ಏಳೆಂಟು ಇಂಚಿನದಾಗಿದ್ದು ಕಾವಲಿ ಹನ್ನೆರಡು ಇಂಚಿದ್ದರೆ ನಡುವೆ ಸೀಯುತ್ತದೆ, ಅಂಚು ಬೆಳ್ಳಗೇ ಉಳಿಯುತ್ತದೆ. ಹನ್ನೊಂದು ಇಂಚಿನ ಸುರುಳಿಯೋ ಎರಡನ್ನು ಜೋಡಿಸುವ ಬ್ರಿಜ್ ವ್ಯವಸ್ಥೆಯೋ ಇರುವ ಕುಕ್‌ಟಾಪ್ ಆರಿಸಿ. ಕಾವಲಿಯನ್ನು ಮಧ್ಯಮ ಉರಿಯಲ್ಲಿ ಎಂಟು-ಹತ್ತು ನಿಮಿಷ ನಿಧಾನಕ್ಕೆ ಕಾಯಿಸಿ. ಆತುರಕ್ಕೆ ಬೂಸ್ಟ್ ಒತ್ತಿದರೆ ತಳದ ನಡುಭಾಗ ಮಾತ್ರ ತಟ್ಟನೆ ಹಿಗ್ಗಿ ಎರಕದ ಕಬ್ಬಿಣ ಬಿರುಕು ಬಿಡಬಹುದು.

ಊರಿಂದ ತಂದ ಪಾತ್ರೆಗಳಿಗೆ ಫ್ರಿಜ್ ಮ್ಯಾಗ್ನೆಟ್ ಹಿಡಿದು ನೋಡಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಸೈ. ಅಲ್ಯೂಮಿನಿಯಂ ಕುಕ್ಕರ್, ಹಿಂಡಾಲಿಯಂ ಬಾಣಲೆ, ಹಿತ್ತಾಳೆ ಉರುಳಿ, ತಾಮ್ರದ ತಳದ ಪಾತ್ರೆ ನಡೆಯುವುದಿಲ್ಲ. ಸ್ಟೀಲ್ ಆದರೂ ಎಷ್ಟೋ ಪಾತ್ರೆಗಳಿಗೆ ಮ್ಯಾಗ್ನೆಟ್ ಅಂಟದು. ಒಗ್ಗರಣೆ ಸೌಟು ಇನ್ನೊಂದು ತರಲೆ: ಕಬ್ಬಿಣದ್ದೇ ಆದರೂ ತಳ ನಾಲ್ಕೈದು ಇಂಚಿಗಿಂತ ಚಿಕ್ಕದಿದ್ದರೆ ಒಲೆ ಅದನ್ನು ಗುರುತಿಸುವುದೇ ಇಲ್ಲ, ಬೀಪ್ ಅಂದು ಆರಿಹೋಗುತ್ತದೆ. ಐದಾರು ಇಂಚಿನ ಚಪ್ಪಟೆ ತಳದ ಪುಟ್ಟ ಕಬ್ಬಿಣದ ಪ್ಯಾನ್ ಇಟ್ಟುಕೊಳ್ಳಿ, ಎಣ್ಣೆ ಹಾಕಿದ ಅರ್ಧ ನಿಮಿಷಕ್ಕೆ ಸಾಸಿವೆ ಸಿಡಿಯುತ್ತದೆ. ಕೈ ಚುರುಕಾಗಿರಲಿ, ಇಂಗು ಕರಟುವುದು ಗ್ಯಾಸಿಗಿಂತ ಬೇಗ. ಬದನೆಕಾಯಿ ಸುಡಬೇಕಿದ್ದರೆ ಅಲ್ಲಲ್ಲಿ ಚುಚ್ಚಿ ಓವನ್ನಿನ ಬ್ರಾಯ್ಲರ್ (ಮೇಲಿನಿಂದ ಸುಡುವ ಕಾಯಿಲ್) ಕೆಳಗಿಡಿ. ಚುಚ್ಚದಿದ್ದರೆ ಒಳಗೇ ಸಿಡಿದು ಓವನ್ ಒರೆಸುವ ಕೆಲಸ ಬೀಳುತ್ತದೆ.

ಗ್ಯಾಸ್ ಇಲ್ಲದಿದ್ದರೂ ಒಗ್ಗರಣೆಯ ಹೊಗೆ ಹೊಗೆಯೇ. ಹುಡ್ ಹೊಗೆಯನ್ನು ಪೈಪಿನಲ್ಲಿ ಹೊರಗೆ ಹಾಕುತ್ತದೋ, ಬರೀ ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೋ ಎಂದು ಗೋಡೆ ಮುಚ್ಚುವ ಮುಂಚೆಯೇ ಕೇಳಿ. ಆಮೇಲೆ ಪೈಪ್ ಹಾಕಿಸುವುದೆಂದರೆ ಡ್ರೈವಾಲ್ ಒಡೆಯುವುದು.

ಬಿಸಿನೀರು

ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುವ ಹೀಟ್ ಪಂಪ್ ವಾಟರ್ ಹೀಟರ್ ಸುತ್ತಲ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ. ಆದರೆ ಕಾಯಿಸುವುದು ನಿಧಾನ. ಮನೆಗೆ 50 ಗ್ಯಾಲನ್ ಟ್ಯಾಂಕ್ ಇದ್ದು, ಊರಿಂದ ಅಪ್ಪ-ಅಮ್ಮ ಆರು ತಿಂಗಳಿಗೆ ಬಂದು, ಬೆಳಿಗ್ಗೆ ಎಲ್ಲರೂ ಸಾಲಾಗಿ ಸ್ನಾನಕ್ಕೆ ಹೋದರೆ ಕೊನೆಯವರಿಗೆ ತಣ್ಣೀರೇ. ಆಗ ಯಂತ್ರ ತಾನಾಗಿ 4.5 ಕಿಲೋವ್ಯಾಟಿನ ಮಾಮೂಲಿ ಕಾಯಿಲ್ ಆನ್ ಮಾಡಿಕೊಳ್ಳುತ್ತದೆ, ಉಳಿತಾಯವೆಲ್ಲ ಅಲ್ಲೇ ಹೋಗುತ್ತದೆ. ಮನೆ ಕಟ್ಟುವಾಗಲೇ 65 ಅಥವಾ 80 ಗ್ಯಾಲನ್ ಕೇಳಿ. 50ರದ್ದೇ ಗತಿಯಾದರೆ 140 ಡಿಗ್ರಿ ಫ್ಯಾರನ್‌ಹೀಟಿಗೆ ಕಾಯಿಸಿ, ಹೊರಬರುವಾಗ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ. ವಾಲ್ವ್ ಇಲ್ಲದೆ ಆ ಶಾಖಕ್ಕೆ ಏರಿಸಬೇಡಿ, ಮಕ್ಕಳ ಕೈ ಸುಡುತ್ತದೆ.

ಇದಕ್ಕೆ ಗಾಳಿ ಬೇಕು, ಸುಮಾರು 700 ಘನ ಅಡಿ ಜಾಗ ಅನ್ನುವುದು ತಯಾರಕರ ಸಾಮಾನ್ಯ ಲೆಕ್ಕ. ಮುಚ್ಚಿದ ಕ್ಲಾಸೆಟ್ಟಿನಲ್ಲಿ ಕೂರಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಮತ್ತೆ ಆ ಕಾಯಿಲ್ ಹತ್ತಿಕೊಳ್ಳುತ್ತದೆ. ಇನ್ನು ಏರ್ ಫಿಲ್ಟರನ್ನು ಆಗಾಗ ತೊಳೆಯಿರಿ. ತೇವ ಹರಿದುಹೋಗುವ ಸಣ್ಣ ಕೊಳವೆ ಕಟ್ಟಿಕೊಂಡರೆ ನೆಲದ ಮೇಲೆ ನೀರು ನಿಲ್ಲುತ್ತದೆ. ಟ್ಯಾಂಕ್ ತೂತಾಯಿತೆಂದು ಪ್ಲಂಬರ್‌ಗೆ ಫೋನ್ ಮಾಡುವ ಮುಂಚೆ ಅದನ್ನೊಮ್ಮೆ ಊದಿ ನೋಡಿ.

ಮೇನ್ ಪ್ಯಾನೆಲ್

ಇಡೀ ಮನೆಯ ಬ್ರೇಕರ್‌ಗಳಿರುವ ಮೇನ್ ಪ್ಯಾನೆಲ್ 200 ಆಂಪಿನದಾದರೆ ಎಷ್ಟು ಬೇಕಾದರೂ ಸೋಲಾರ್ ಹಾಕಬಹುದೆಂದು ತಿಳಿಯಬೇಡಿ. ವೈರಿಂಗ್ ನಿಯಮದಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕ ಇದು: ಬಸ್‌ಬಾರ್‌ನ (ಪ್ಯಾನೆಲ್ ಒಳಗೆ ಬ್ರೇಕರ್‌ಗಳಿಗೆ ಕರೆಂಟ್ ಹಂಚುವ ಲೋಹದ ಪಟ್ಟಿ) 120 ಶೇಕಡಾ, ಅಂದರೆ 240 ಆಂಪ್. ಅದರಲ್ಲಿ ಮೇನ್ ಬ್ರೇಕರ್‌ನ 200 ಕಳೆದರೆ ಸೋಲಾರ್ ಬ್ರೇಕರ್‌ಗೆ 40. ಬ್ರೇಕರ್ ಮೇಲೆ ಸತತವಾಗಿ ಅದರ 80 ಶೇಕಡಾ ಮಾತ್ರ ಹೊರಿಸಬಹುದಾದ್ದರಿಂದ 32 ಆಂಪ್, 240 ವೋಲ್ಟಿನಲ್ಲಿ ಸುಮಾರು 7.7 ಕಿಲೋವ್ಯಾಟ್ ಇನ್ವರ್ಟರ್ (ಚಾವಣಿಯ ಡಿಸಿ ಕರೆಂಟನ್ನು ಮನೆ ಬಳಸುವ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ). ಮುಂದೆ ಹೆಚ್ಚಿಸಬೇಕೆಂದಿದ್ದರೆ 225 ಆಂಪ್ ಬಸ್‌ಬಾರ್‌ನ ಪ್ಯಾನೆಲ್ ಈಗಲೇ ಕೇಳುವುದು ಲೇಸು.

ಕಾರಿಗೆ 48 ಆಂಪ್ ಚಾರ್ಜರ್ ಅಂದರೆ 60 ಆಂಪ್ ಬ್ರೇಕರ್. ಅಷ್ಟು ನಿಜಕ್ಕೂ ಬೇಕೇ? ದಿನಕ್ಕೆ 40 ಮೈಲಿ ಓಡಿಸಿದರೆ ಬೇಕಾಗುವುದು ಹನ್ನೆರಡು ಯೂನಿಟ್ ಆಸುಪಾಸು. 16 ಆಂಪಿನಲ್ಲಿ ರಾತ್ರಿ ಹಾಕಿದರೆ ಮೂರ್ನಾಲ್ಕು ಗಂಟೆಯೊಳಗೆ ಅದು ತುಂಬುತ್ತದೆ. ಎರಡು ಕಾರಿದ್ದರೆ ಒಂದೇ ಬ್ರೇಕರನ್ನು ಹಂಚಿಕೊಳ್ಳುವ ಚಾರ್ಜರ್ ಜೋಡಿ ಸಾಕು.

ಲೈನ್ ಹೋದಾಗ

ಊರಲ್ಲಿ ಕರೆಂಟ್ ಹೋದರೆ ಯುಪಿಎಸ್ ತಾನಾಗಿ ಹತ್ತಿಕೊಂಡು ಫ್ಯಾನು, ಲೈಟು ನಡೆಸುತ್ತದೆ. ಇಲ್ಲಿ ಬರೀ ಸೋಲಾರ್ ಇದ್ದರೆ ಮಟಮಟ ಮಧ್ಯಾಹ್ನ ಲೈನ್ ಹೋದರೂ ಮನೆ ಕತ್ತಲೆ. ರಿಪೇರಿಗೆ ಬಂದ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟ್ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕೆಲಸ ಮಾಡಬೇಕಾದರೆ ಬ್ಯಾಟರಿಯೂ ಬೇಕು, ಮನೆಯನ್ನು ಗ್ರಿಡ್‌ನಿಂದ ಬಿಡಿಸುವ ಸ್ವಿಚ್ಚೂ ಬೇಕು.

ಟೆಸ್ಲಾ ಪವರ್‌ವಾಲ್ 3ರಲ್ಲಿ 13.5 ಯೂನಿಟ್ ಇರುತ್ತದೆ. ಫ್ರಿಜ್, ವೈಫೈ, ಒಂದಷ್ಟು ದೀಪ ಮಾತ್ರವಾದರೆ ಒಂದೂವರೆ ದಿನ ತಳ್ಳಬಹುದು. ಮೂರು ಕಿಲೋವ್ಯಾಟ್ ಎಳೆಯುವ ಏಸಿ ಸತತ ಓಡಿದರೆ ನಾಲ್ಕೂವರೆ ಗಂಟೆ. ಮರೆತು 40 ಆಂಪಿನಲ್ಲಿ ಕಾರು ಚಾರ್ಜಿಗೆ ಹಾಕಿದರೆ ಒಂದೂವರೆ ಗಂಟೆಯೊಳಗೆ ಖಾಲಿ. ಎಷ್ಟೋ ಮನೆಗಳಲ್ಲಿ ಬ್ಯಾಟರಿ ಇದ್ದರೂ ನಾಲ್ಕಾರು ಸರ್ಕ್ಯೂಟ್‌ಗಳಿಗೆ ಮಾತ್ರ ಬ್ಯಾಕಪ್ ಕೊಟ್ಟಿರುತ್ತಾರೆ. ಮನೆ ವಶಕ್ಕೆ ಪಡೆಯುವ ಮುಂಚಿನ ವಾಕ್‌ಥ್ರೂ ದಿನ ಬಿಲ್ಡರ್ ಕಡೆಯವರಿಂದಲೇ ಮೇನ್ ಬ್ರೇಕರ್ ಆಫ್ ಮಾಡಿಸಿ, ಒಲೆ ಹತ್ತುತ್ತದಾ, ಗ್ಯಾರೇಜ್ ಬಾಗಿಲು ತೆರೆಯುತ್ತದಾ ನೋಡಿ. ಕಾಗದದಲ್ಲಿ ಹುಡುಕುವುದಕ್ಕಿಂತ ಇದು ಸುಲಭ.

ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಗಾಳಿ ಜೋರಾದಾಗ ಕಾಡ್ಗಿಚ್ಚಿನ ಭಯಕ್ಕೆ ಕಂಪನಿಗಳೇ ಲೈನ್ ತೆಗೆಯುವುದುಂಟು, 2019ರ ಅಕ್ಟೋಬರ್ ಹಲವರಿಗೆ ನೆನಪಿರಬಹುದು. ಮುನ್ಸೂಚನೆ ಬಂದ ಕೂಡಲೇ ಆ್ಯಪಿನಲ್ಲಿ ಬ್ಯಾಟರಿಯ ಮೀಸಲನ್ನು 100ಕ್ಕೆ ಏರಿಸಿ. ಮನೆಯಲ್ಲಿ ಉಸಿರಾಟದ ಯಂತ್ರದಂಥ ಸಾಧನ ಬಳಸುವವರಿದ್ದರೆ ವೈದ್ಯರ ಸಹಿಯೊಂದಿಗೆ ಕರೆಂಟ್ ಕಂಪನಿಯ ಮೆಡಿಕಲ್ ಬೇಸ್‌ಲೈನ್ ಯೋಜನೆಗೆ ಅರ್ಜಿ ಹಾಕಿ, ಅಗ್ಗದ ಯೂನಿಟ್ ಹೆಚ್ಚು ಸಿಗುವುದರ ಜೊತೆಗೆ ಲೈನ್ ತೆಗೆಯುವ ಮುಂಚೆ ಹೆಚ್ಚುವರಿ ಎಚ್ಚರಿಕೆಯೂ ಬರುತ್ತದೆ.

ಬಡಾವಣೆಗೇ ಒಂದು ಮೈಕ್ರೊಗ್ರಿಡ್

ಇಡೀ ಬಡಾವಣೆ ಗ್ರಿಡ್‌ನಿಂದ ಬಿಡಿಸಿಕೊಂಡು ತನ್ನಷ್ಟಕ್ಕೆ ನಡೆಯುವುದು ಕಮ್ಯೂನಿಟಿ ಮೈಕ್ರೊಗ್ರಿಡ್. ರಿವರ್‌ಸೈಡ್ ಕೌಂಟಿಯ ಮೆನಿಫಿಯಲ್ಲಿ ಕೆಬಿ ಹೋಮ್ ಎಂಬ ಬಿಲ್ಡರ್ 2022ರಲ್ಲಿ ಪ್ರಕಟಿಸಿದ ಎರಡು ಬಡಾವಣೆಗಳು ಇದರ ಉದಾಹರಣೆ: ಮನೆಮನೆಗೂ ಸೋಲಾರ್, ಬ್ಯಾಟರಿ, ಜೊತೆಗೆ ಎಲ್ಲರಿಗೂ ಸೇರಿದ ದೊಡ್ಡ ಬ್ಯಾಟರಿ. ಉತ್ತರದ ಹಂಬೋಲ್ಟ್ ಕೌಂಟಿಯ ವಿಮಾನ ನಿಲ್ದಾಣದಲ್ಲಿ 2022ರಿಂದ ನಡೆಯುತ್ತಿರುವ ರೆಡ್‌ವುಡ್ ಕೋಸ್ಟ್ ಮೈಕ್ರೊಗ್ರಿಡ್ ಪಿಜಿ ಅಂಡ್ ಇಯ ತಂತಿಗಳನ್ನೇ ಬಳಸಿ ಹಲವು ಗ್ರಾಹಕರನ್ನು ನಡೆಸುತ್ತದೆ. ಅಲ್ಲಿ 2.2 ಮೆಗಾವ್ಯಾಟ್ ಸೋಲಾರ್, ಸುಮಾರು 8,900 ಯೂನಿಟ್ ಬ್ಯಾಟರಿ ಇದೆ.

ಇಂಥವು ಬೆರಳೆಣಿಕೆಯಷ್ಟೇ ಇರುವುದಕ್ಕೆ ತಂತ್ರಜ್ಞಾನ ಒಂದೇ ಕಾರಣವಲ್ಲ. ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕೋಡ್‌ನ 218ನೇ ಸೆಕ್ಷನ್ ಪ್ರಕಾರ ನಿಮ್ಮ ಚಾವಣಿಯ ಕರೆಂಟನ್ನು ಒತ್ತಿನ ಜಾಗದ ಇಬ್ಬರಿಗಿಂತ ಹೆಚ್ಚು ಜನಕ್ಕೆ ಮಾರಿದರೆ, ಅಥವಾ ನಡುವೆ ಸಾರ್ವಜನಿಕ ರಸ್ತೆ ದಾಟಿಸಿದರೆ, ನೀವೇ ಒಂದು ವಿದ್ಯುತ್ ಕಂಪನಿ ಎಂದು ಲೆಕ್ಕ. ಎದುರುಮನೆಯವರಿಗೆ ವೈರ್ ಎಳೆಯೋಣ ಅನ್ನುವ ಯೋಚನೆ ಇಲ್ಲಿಗೇ ನಿಲ್ಲುತ್ತದೆ.

ಮಾರುವವರು ‘ವರ್ಚುವಲ್ ಪವರ್ ಪ್ಲಾಂಟ್’ ಅನ್ನು ಮೈಕ್ರೊಗ್ರಿಡ್ ಎಂಬಂತೆ ಹೇಳಿದರೆ ಒಪ್ಪಬೇಡಿ. ಅದರಲ್ಲಿ ಸಂಜೆ ಗ್ರಿಡ್‌ಗೆ ಕೊರತೆಯಾದಾಗ ನಿಮ್ಮ ಬ್ಯಾಟರಿಯಿಂದ ಕರೆಂಟ್ ತೆಗೆದು ಹಣ ಕೊಡುತ್ತಾರೆ. 2025ರ ಜುಲೈ 29ರ ಸಂಜೆ ಪರೀಕ್ಷೆಗೆಂದು ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಮನೆ ಬ್ಯಾಟರಿಗಳು ಸೇರಿ ಎರಡು ಗಂಟೆ ಸರಾಸರಿ 535 ಮೆಗಾವ್ಯಾಟ್ ಕೊಟ್ಟವು. ಸೇರುವುದು ಒಳ್ಳೆಯದೇ, ಮೀಸಲು ಎಷ್ಟಿರಬೇಕೆಂದು ನೀವೇ ಇಡಬಹುದಾದರೆ. ಆದರೆ ಲೈನ್ ಹೋದ ರಾತ್ರಿ ಅದರಿಂದ ನಿಮ್ಮ ಮನೆಗೆ ಒಂದು ಬಲ್ಬೂ ಹತ್ತುವುದಿಲ್ಲ.

ಕಾಗದಪತ್ರ

ಹೊಸ ಮನೆಗಳ ಸೋಲಾರ್ ಹೆಚ್ಚಾಗಿ ಲೀಸ್‌ನಲ್ಲಿರುತ್ತದೆ, 20-25 ವರ್ಷಕ್ಕೆ. ವರ್ಷಕ್ಕೆ ಶೇಕಡಾ 2.9 ಏರಿಕೆ ಎಂದಿದ್ದರೆ ಇಂದಿನ 100 ಡಾಲರ್ ಕಂತು 25ನೇ ವರ್ಷಕ್ಕೆ ಹತ್ತಿರಹತ್ತಿರ 200. ಮನೆ ಮಾರುವಾಗ ಕೊಳ್ಳುವವರು ಲೀಸನ್ನೂ ಹೊತ್ತುಕೊಳ್ಳಬೇಕು, ರೀಫೈನಾನ್ಸ್ ಮಾಡುವಾಗ ಲೀಸ್ ಕಂಪನಿಯ ಫಿಕ್ಸ್ಚರ್ ಫೈಲಿಂಗ್ (ಪ್ಯಾನೆಲ್ ತನ್ನದೆಂದು ಅದು ಕೌಂಟಿಯಲ್ಲಿ ದಾಖಲಿಸಿದ ಪತ್ರ) ಬಿಡಿಸಲು ವಾರಗಳೇ ಹಿಡಿಯಬಹುದು. ಸ್ವಂತಕ್ಕೆ ಕೊಂಡವರಿಗೆ ಸಿಗುತ್ತಿದ್ದ ಶೇಕಡಾ 30ರ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು, ಲೀಸ್ ಕಂಪನಿಗಳಿಗೆ ಮಾತ್ರ ಒಂದಿಷ್ಟು ಹೆಚ್ಚು ಕಾಲ ಸಿಕ್ಕಿದೆ. ‘ಉಚಿತ ಸೋಲಾರ್’ ಎಂದು ಬಾಗಿಲು ಬಡಿಯುವವರ ಹುರುಪಿಗೆ ಇದೂ ಒಂದು ಕಾರಣ. ದೊಡ್ಡ ಸೋಲಾರ್ ಕಂಪನಿಗಳಾದ ಸನ್‌ಪವರ್ 2024ರ ಆಗಸ್ಟ್‌ನಲ್ಲಿ, ಸನೋವಾ 2025ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದವು. ಹಾಗಾಗಿ ಪ್ಯಾನೆಲ್, ಇನ್ವರ್ಟರ್ ತಯಾರಕರ ವಾರಂಟಿ ಬೇರೆ, ಅಳವಡಿಸಿದವರ ವಾರಂಟಿ ಬೇರೆ ಎಂದು ಬರೆಸಿಕೊಳ್ಳಿ.

ಮುಂದೆ ಪ್ಯಾನೆಲ್ ಹೆಚ್ಚಿಸುವಾಗ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ತಕರಾರು ಮಾಡಿದರೆ ರಾಜ್ಯದ ಸಿವಿಲ್ ಕೋಡ್ 714 ತೋರಿಸಿ. ಅವರ ಷರತ್ತಿನಿಂದ ಖರ್ಚು 1,000 ಡಾಲರ್‌ಗಿಂತ ಹೆಚ್ಚು ಏರುವ ಹಾಗಿಲ್ಲ, ಉತ್ಪಾದನೆ ಶೇಕಡಾ 10ಕ್ಕಿಂತ ಹೆಚ್ಚು ಇಳಿಯುವ ಹಾಗಿಲ್ಲ.

ಕೀಲಿ ಕೈಗೆ ಬಂದ ಮೇಲೂ ಸೋಲಾರ್ ಆನ್ ಆಗದೆ ವಾರಗಟ್ಟಲೆ ಕೂರುವುದು ಮಾಮೂಲು. ಕರೆಂಟ್ ಕಂಪನಿಯ ‘ಪರ್ಮಿಶನ್ ಟು ಆಪರೇಟ್’ ಪತ್ರ ಬರುವವರೆಗೆ ಸ್ವಿಚ್ ಹಾಕುವಂತಿಲ್ಲ, ಅಷ್ಟು ದಿನ ಪೂರ್ತಿ ಬಿಲ್ ನಿಮ್ಮದೇ. ಪತ್ರ ಇನ್ನೂ ಬಿಲ್ಡರ್ ಹೆಸರಲ್ಲಿದ್ದರೆ ನಿಮ್ಮ ಖಾತೆಗೆ ಬದಲಾಯಿಸಲು ಅದೇ ವಾರ ಫೋನ್ ಮಾಡಿ. ಮೊದಲ ಬಿಲ್ಲಿನಲ್ಲಿ ಗ್ರಿಡ್‌ಗೆ ಕೊಟ್ಟ ಯೂನಿಟ್ ಸೊನ್ನೆ ಎಂದಿದ್ದು, ಆ್ಯಪಿನಲ್ಲಿ ಮಾತ್ರ ಉತ್ಪಾದನೆ ಕಾಣುತ್ತಿದ್ದರೆ ಖಾತೆ ಇನ್ನೂ ಸೋಲಾರ್ ದರಪಟ್ಟಿಗೆ ಹೋಗಿಲ್ಲದಿರಬಹುದು.