ಎಲೆ ಕಡಿಯುವ ಮೀನು, ಗಿಡ ಕೀಳುವ ಮೀನು

ಮೀನು ಸಾಕುವ ಟ್ಯಾಂಕಿನಲ್ಲಿ ಗಿಡ ಹಾಳಾಗುತ್ತಿದ್ದರೆ ನಾನು ಮೊದಲು ನೋಡುವುದು ಮೀನನ್ನಲ್ಲ, ಎಲೆಯನ್ನು. ಹಾಳಾದ ಒಂದೆರಡು ಎಲೆ ಹೊರತೆಗೆದು ಬೆಳಕಿಗೆ ಹಿಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಂಚು ಅರ್ಧಚಂದ್ರದ ಹಾಗೆ ಕತ್ತರಿಸಿ ಹೋಗಿದ್ದರೆ, ಎಳೆ ಚಿಗುರು ಬುಡದವರೆಗೆ ಮಾಯವಾಗಿದ್ದರೆ ಅದು ಕಚ್ಚಿ ತಿನ್ನುವ ಮೀನಿನ ಕೆಲಸ: ಗೋಲ್ಡ್‌ಫಿಷ್, ಸಿಲ್ವರ್ ಡಾಲರ್, ಬ್ಯೂನಸ್ ಐರಿಸ್ ಟೆಟ್ರಾ, ಟಿನ್‌ಫಾಯಿಲ್ ಬಾರ್ಬ್, ಸೆವೆರಮ್. ಅಂಚು ಸರಿಯಿದ್ದು ನಡುವಿನ ಹಸಿರು ಮಾತ್ರ ಸವೆದು, ನರಗಳ ಬಲೆ ಉಳಿದಿದ್ದರೆ ಪ್ಲೆಕೊ, ಅಂದರೆ ಬಾಯಿ ಅಂಟಿಸಿ ಕೆರೆದು ತಿನ್ನುವ ಮೀನು, ಕೆರೆದಿದೆ. ಎಲೆಗೆ ಏನೂ ಆಗಿಲ್ಲ, ಗಿಡ ಬೇರುಸಮೇತ ತೇಲುತ್ತಿದೆ ಅಂದರೆ ಅಗೆಯುವ ಮೀನು: ಆಸ್ಕರ್, ಕಾನ್ವಿಕ್ಟ್‌ನಂಥ ಸಿಕ್ಲಿಡ್‌ಗಳು, ಇಲ್ಲೂ ಮತ್ತೆ ಗೋಲ್ಡ್‌ಫಿಷ್.

ಇನ್ನೊಂದು ಬಗೆಯ ಹಾನಿಯಲ್ಲಿ ಮೀನಿನ ತಪ್ಪೇ ಇರುವುದಿಲ್ಲ. ಹಳೆಯ ಎಲೆಗಳಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತ ಹಳದಿ, ದಿನ ಕಳೆದಂತೆ ತೂತು ಅಗಲವಾಗುತ್ತದೆ. ಇದು ಪೊಟ್ಯಾಶಿಯಂ ಕೊರತೆ. ಸತ್ತ ಅಂಚನ್ನು ಮೇಯಲು ರಾಮ್ಸ್‌ಹಾರ್ನ್ ಬಸವನಹುಳು ಅಲ್ಲಿ ಬಂದು ಕೂತಿರುತ್ತದೆ, ಬೈಗುಳ ಅದಕ್ಕೆ ಬೀಳುತ್ತದೆ. 100 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಶಿಯಂ ಸಲ್ಫೇಟ್ ಹಾಕಿದರೆ ಲೀಟರ್‌ಗೆ ಸುಮಾರು 4.5 ಮಿಲಿಗ್ರಾಂ ಪೊಟ್ಯಾಶಿಯಂ ಏರುತ್ತದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದ ಮೇಲೆ ನಾನು ಇದೇ ಲೆಕ್ಕದಲ್ಲಿ 2 ಗ್ರಾಂ ಕರಗಿಸಿ ಹಾಕುತ್ತೇನೆ. ಹಳೆಯ ತೂತು ಮುಚ್ಚಿಕೊಳ್ಳುವುದಿಲ್ಲ. ಮೂರು ವಾರ ಬಿಟ್ಟು ಹೊಸ ಎಲೆ ಹೇಗಿದೆ ಎಂದು ನೋಡಬೇಕು. ಹಾಗೆಯೇ, ನರ್ಸರಿಯಲ್ಲಿ ಎಲೆ ನೀರಿನಿಂದ ಹೊರಗಿರುವಂತೆ ಬೆಳೆದ ಗಿಡ ಟ್ಯಾಂಕಿಗೆ ಬಂದ ಮೊದಲ ವಾರಗಳಲ್ಲಿ ಹಳೆಯ ಎಲೆ ಕಳಚಿಕೊಳ್ಳುತ್ತದೆ. ಕ್ರಿಪ್ಟೋಕೊರೈನ್ ಅಂತೂ ಜಾಗ ಬದಲಾದರೆ ಸಾಕು, ಪೂರ್ತಿ ಕರಗಿ ಮತ್ತೆ ಬೇರಿನಿಂದ ಚಿಗುರುತ್ತದೆ. ಕಿತ್ತೆಸೆಯಬೇಡಿ.

ಅಗೆಯುವ ಮೀನಿಗೆ ನನ್ನ ಉತ್ತರ ಕುಂಡ. ಮೆರುಗು ಬಳಿಯದ ಮಣ್ಣಿನ ಕುಂಡ, ಬಾಯಿ 12 ಸೆಂ.ಮೀ. ಅಗಲ. ತಳದ ತೂತಿಗೆ ಪ್ಲಾಸ್ಟಿಕ್ ಜಾಲರಿಯ ತುಂಡು, ಮೇಲೆ ಅರ್ಧ ಕುಂಡ 2–3 ಮಿ.ಮೀ. ಗ್ರಾವೆಲ್. ಅಮೆಜಾನ್ ಸ್ವೋರ್ಡ್ ಬೇರಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಗಿಡ, ಹಾಗಾಗಿ ಅದಕ್ಕೆ ಎರಡು ರೂಟ್ ಟ್ಯಾಬ್, ಅಂದರೆ ಗೊಬ್ಬರದ ಗುಳಿಗೆ, ಇಲ್ಲೇ ಹುದುಗಿಸುತ್ತೇನೆ. ಬೇರನ್ನು 5–6 ಸೆಂ.ಮೀ.ಗೆ ಕತ್ತರಿಸಿ, ಕೆಳಮುಖವಾಗಿ ಹರಡಿ, ಮೇಲೆ ಗ್ರಾವೆಲ್ ತುಂಬಿ, ಕೊನೆಗೆ ಗಿಡವನ್ನು ತುಸು ಮೇಲಕ್ಕೆ ಎಳೆಯಬೇಕು. ಬೇರು ಮತ್ತು ಎಲೆ ಕೂಡುವ ಬಿಳಿ ಬುಡ ಗ್ರಾವೆಲ್ ಮೇಲೆ ಕಾಣಬೇಕು, ಹೂತುಹೋದರೆ ಕೊಳೆಯುತ್ತದೆ. ಆಮೇಲೆ ಬುಡದ ಸುತ್ತ 3–4 ಸೆಂ.ಮೀ. ಗಾತ್ರದ ನುಣುಪು ಕಲ್ಲುಗಳನ್ನು ಒತ್ತಾಗಿ ಜೋಡಿಸುತ್ತೇನೆ. ಕಲ್ಲು ಮೀನಿನ ಬಾಯಿಗಿಂತ ಸ್ಪಷ್ಟವಾಗಿ ದೊಡ್ಡದಿರಬೇಕು. ಬಾಯಿಯಷ್ಟೇ ಗಾತ್ರದ್ದಾದರೆ ಗೋಲ್ಡ್‌ಫಿಷ್ ಅದನ್ನು ಬಾಯಿಗೆ ತೆಗೆದುಕೊಂಡು ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತದೆ. ಕಲ್ಲಿನ ಮೇಲೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣದ ಕಲ್ಲು, ನೀರನ್ನು ಗಡುಸು ಮಾಡುತ್ತದೆ, ಬೇಡ.

ಕುಂಡ ಕಣ್ಣಿಗೆ ಹಿಡಿಸದವರು ಇಡೀ ತಳದಲ್ಲಿ, ಗ್ರಾವೆಲ್ ಮೇಲ್ಮೈಯಿಂದ 2–3 ಸೆಂ.ಮೀ. ಕೆಳಗೆ, ಪ್ಲಾಸ್ಟಿಕ್ ಜಾಲರಿ ಹಾಸಿ ಕಣ್ಣುಗಳ ಮೂಲಕ ನೆಡಬಹುದು. ಬೇರು ಜಾಲರಿಗೆ ಹೆಣೆದುಕೊಂಡ ಮೇಲೆ ಆಸ್ಕರ್‌ಗೂ ಕೀಳುವುದು ಕಷ್ಟ. ನನಗೆ ಮಾತ್ರ ಇದು ಒಗ್ಗದು: ಮುಂದೆ ಒಂದು ಗಿಡ ತೆಗೆಯಲು ಹೋದರೆ ಜಾಲರಿಯೆಲ್ಲ ಮೇಲೆದ್ದು, ಅಡಿಯ ಕೊಳೆ ಪೂರ್ತಿ ನೀರಿಗೆ ಬರುತ್ತದೆ.

ಕಚ್ಚುವ ಮೀನಿನ ಟ್ಯಾಂಕಿಗೆ ಅನುಬಿಯಾಸ್ ಮತ್ತು ಜಾವಾ ಫರ್ನ್ ಬಿಟ್ಟರೆ ಬೇರೆ ಯಾವುದನ್ನೂ ನಾನು ಧೈರ್ಯವಾಗಿ ಹೇಳಲಾರೆ. ಅನುಬಿಯಾಸ್ ಕೆಸುವಿನ ಕುಟುಂಬದ್ದು, ತೊಗಲಿನಂಥ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳುಗಳಿವೆ. ಕೆಸು ತಿಂದು ಬಾಯಿ ತುರಿಸಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡನ್ನೂ ಗ್ರಾವೆಲ್‌ನಲ್ಲಿ ನೆಡಬಾರದು. ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡ, ಅಂದರೆ ರೈಜೋಮ್, ಹೂತರೆ ಮೆತ್ತಗಾಗಿ ನಾರುತ್ತದೆ. ಹಾಗಾದರೆ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ಉಳಿದದ್ದನ್ನು ಮರದ ತುಂಡಿಗೋ ಲಾವಾ ಕಲ್ಲಿಗೋ ಅಂಟಿಸಬೇಕು.

ನೂಲಿನಲ್ಲಿ ಕಟ್ಟಿದರೆ ಗೋಲ್ಡ್‌ಫಿಷ್ ಎಳೆದೆಳೆದು ಬಿಚ್ಚುತ್ತದೆ. ನಾನು ಸೈನೊಅಕ್ರಿಲೇಟ್ ಸೂಪರ್ ಗ್ಲೂ ಬಳಸುತ್ತೇನೆ, ಅದೂ ಜೆಲ್ ರೂಪದ್ದು. ನೀರಾಗಿರುವ ಗ್ಲೂ ಲಾವಾ ಕಲ್ಲಿನ ತೂತಿಗಿಳಿದು ವ್ಯರ್ಥ. ರೈಜೋಮಿನ ಅಡಿ ಮತ್ತು ಕಲ್ಲು ಎರಡನ್ನೂ ಟಿಶ್ಯೂನಿಂದ ಒತ್ತಿ ಒರೆಸಿ, ಬೇರು 2 ಸೆಂ.ಮೀ.ಗೆ ಕತ್ತರಿಸಿ, ಮೆಣಸಿನಕಾಳಿನಷ್ಟು ಗಾತ್ರದ ಮೂರು ಬೊಟ್ಟು ಇಟ್ಟು ಅರ್ಧ ನಿಮಿಷ ಒತ್ತಿ ಹಿಡಿಯುತ್ತೇನೆ. ಚಿಗುರು ಬರುವ ತುದಿಗೆ ಗ್ಲೂ ತಾಗಬಾರದು. ನೀರಿಗೆ ಅದ್ದಿದ ಕೂಡಲೇ ಗ್ಲೂ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಬಿಳಿ ಕಲೆ ಕೆಲವು ವಾರಗಳಲ್ಲಿ ಪಾಚಿ ಕೂತು ಮುಚ್ಚಿಹೋಗುತ್ತದೆ. ಜಾವಾ ಫರ್ನ್ ಎಲೆಯಡಿ ಸಾಲಾಗಿ ಕಾಣುವ ಕಂದು ಗುಳ್ಳೆಗಳು ರೋಗವಲ್ಲ, ಬೀಜಕಗಳ ಗುಂಪು.

ತಿಂಡಿ ಬದಲಿಸಿದರೆ ಹಾನಿ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಗೋಲ್ಡ್‌ಫಿಷ್ ಹಸಿವಿದ್ದರೂ ಇಲ್ಲದಿದ್ದರೂ ದಿನವಿಡೀ ಮೇಯುವ ಪ್ರಾಣಿ. ಅದಕ್ಕೆ ಮೇಯಲೆಂದೇ ಬೇರೆ ತೊಟ್ಟಿಯಲ್ಲಿ ಹಾರ್ನ್‌ವರ್ಟ್ ಮತ್ತು ಡಕ್‌ವೀಡ್ ಬೆಳೆಸಿ, ವಾರಕ್ಕೆರಡು ಸಲ ಒಂದೊಂದು ಹಿಡಿ ಹಾಕುತ್ತೇನೆ. ಸಿಪ್ಪೆ ತೆಗೆದ ಬೆಂದ ಬಟಾಣಿಯೂ ಸರಿ. ಪ್ಲೆಕೊಗೆ ದೀಪ ಆರಿಸಿದ ಮೇಲೆ, ಒಂದು ನಿಮಿಷ ಕುದಿನೀರಲ್ಲಿ ಬಾಡಿಸಿದ ಸೌತೆಕಾಯಿಯ ದಪ್ಪ ಬಿಲ್ಲೆಯನ್ನು ಸ್ಟೀಲ್ ಫೋರ್ಕಿಗೆ ಚುಚ್ಚಿ ಮುಳುಗಿಸಬೇಕು, ಬೆಳಿಗ್ಗೆ ಉಳಿದದ್ದನ್ನು ತೆಗೆಯಬೇಕು. ಹಗಲು ಹಾಕಿದರೆ ಬೇರೆ ಮೀನು ಮುಗಿಸಿಬಿಡುತ್ತವೆ, ಪ್ಲೆಕೊ ರಾತ್ರಿ ಮತ್ತೆ ಸ್ವೋರ್ಡ್ ಎಲೆಗೇ ಹೋಗುತ್ತದೆ. ಕೆರೆಯಲು ಒಂದು ಮರದ ತುಂಡೂ ಬೇಕು. ಸಾಮಾನ್ಯ ಪ್ಲೆಕೊ 30 ಸೆಂ.ಮೀ. ದಾಟಿ ಬೆಳೆಯುವುದರಿಂದ ತಿನ್ನದಿದ್ದರೂ ಮೈ ತಾಗಿಸಿಯೇ ಗಿಡ ಬೀಳಿಸುತ್ತದೆ. ಗಿಡದ ಟ್ಯಾಂಕಿಗೆ ಚಿಕ್ಕದಾಗಿಯೇ ಉಳಿಯುವ ಬ್ರಿಸಲ್‌ನೋಸ್ ಪ್ಲೆಕೊ ವಾಸಿ.

ಹೊಸ ಟ್ಯಾಂಕ್ ಆದರೆ ಗಿಡ ಮೊದಲು, ಮೀನು ನಾಲ್ಕು ವಾರದ ನಂತರ. ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಜಗ್ಗದಿದ್ದರೆ ಮೀನು ಬಿಡಬಹುದು. ಮೀನು ಆಗಲೇ ಇದ್ದರೆ ಪ್ಲಾಸ್ಟಿಕ್ ಗ್ರಿಡ್ ಅಡ್ಡ ನಿಲ್ಲಿಸಿ, ಒಂದು ಬದಿಯನ್ನು ಅಷ್ಟೇ ದಿನ ಗಿಡಕ್ಕೆ ಬಿಟ್ಟುಕೊಡಬೇಕು. ಅಂಥ ಟ್ಯಾಂಕು ತೀರಾ ಚಿಕ್ಕದಾದರೆ ಈ ಉಪಾಯ ಬೇಡ, ಮೀನಿಗೆ ಈಜಲು ಜಾಗ ಉಳಿಯುವುದಿಲ್ಲ.

ಕಾನ್ವಿಕ್ಟ್ ಜೋಡಿ ಮೊಟ್ಟೆ ಇಡುವ ದಿನಗಳಲ್ಲಿ ಮಾತ್ರ ಇದೆಲ್ಲ ನಡೆಯದು. ಕುಂಡದ ಅಡಿಯನ್ನೇ ತೋಡಿ ವಾಲಿಸುತ್ತವೆ. ಹಾಗಾಗಿ ಕುಂಡವನ್ನು ಗ್ರಾವೆಲ್ ಮೇಲಲ್ಲ, ನೇರ ಗಾಜಿನ ತಳಕ್ಕೆ ಕೂರಿಸಿ, ಅವು ಮೊಟ್ಟೆ ಇಡಲೆಂದು ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ಖಾಲಿ ಕುಂಡವೊಂದನ್ನು ಮಗುಚಿ ಮಲಗಿಸಿಡುತ್ತೇನೆ. ಆದರೂ ಕಿತ್ತರೆ, ಕಿತ್ತ ಗಿಡ ಬಕೆಟ್ಟಿನಲ್ಲಿ ತೇಲುತ್ತಿರಲಿ. ಮರಿಗಳನ್ನು ಬೇರೆ ಮಾಡಿದ ಮೇಲೆಯೇ ಮತ್ತೆ ನೆಡುವುದು.